ಲೈಲ್ ಶೆಲ್ಟನ್ ಹೋಗಿ 15 ವರ್ಷ: ‘ರೇರ್ ಬೇರ್’ ನೋಡಿದವರು, ಅದರ ಸದ್ದು ಕೇಳಿದವರು ಬನ್ನಿ

ಪಿಸ್ಟನ್ ಪ್ರಸಾದ

2025ರ ಸೆಪ್ಟೆಂಬರ್‌ನಲ್ಲಿ ನ್ಯೂ ಮೆಕ್ಸಿಕೋದ ರಾಸ್ವೆಲ್‌ನಲ್ಲಿ ವಿಮಾನಗಳ ರೇಸ್ ನಡೆಯಿತು. ನೆವಾಡಾದ ರೀನೋದಲ್ಲಿ 1964ರಲ್ಲಿ ಶುರುವಾದ ರೇಸ್ 2023ಕ್ಕೆ ಅಲ್ಲಿ ನಿಂತುಹೋಯಿತಲ್ಲ, ಹೊಸ ಊರಿನಲ್ಲಿ ಇದೇ ಮೊದಲು. ರಾತ್ರಿ ವಿಡಿಯೋ ನೋಡುತ್ತಾ ಕೂತೆ. ಎಲ್ಲಾ ಚೆನ್ನಾಗಿತ್ತು, ಆದರೆ ಮನಸ್ಸು ಪದೇ ಪದೇ ಹಳೇ ರೇಸ್ ಪೈಲಟ್ ಲೈಲ್ ಶೆಲ್ಟನ್ ಕಡೆಗೇ ಹೋಗುತ್ತಿತ್ತು. ಅವನು ತೀರಿಕೊಂಡಿದ್ದು 2010ರಲ್ಲಿ. ಆಗ ಕನ್ನಡದಲ್ಲಿ ನನ್ನ ಕಣ್ಣಿಗೆ ಒಂದು ಸಾಲೂ ಬೀಳಲಿಲ್ಲ. ಈಗಲಾದರೂ ಇಲ್ಲಿ ನಾಲ್ಕು ಮಾತು ಆಗಲಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಟೆಕ್ಸಸ್‌ನವನು. ಅಮೆರಿಕದ ನೌಕಾಪಡೆಯಲ್ಲಿ ಪೈಲಟ್ ಆಗಿದ್ದ, ಆಮೇಲೆ ಟಿಡಬ್ಲ್ಯುಎ ಏರ್‌ಲೈನ್ಸ್ ಸೇರಿದ. 1969ರಲ್ಲಿ ಇಂಡಿಯಾನಾ ರಾಜ್ಯದ ವಾಲ್ಪರೈಸೊ ಹತ್ತಿರ ಪಾಳುಬಿದ್ದಿದ್ದ ಒಂದು ಗ್ರಮ್ಮನ್ ಎಫ್8ಎಫ್ ಬೇರ್‌ಕ್ಯಾಟ್ ಯುದ್ಧವಿಮಾನ ಅವನ ಕಣ್ಣಿಗೆ ಬಿತ್ತು. ಹೆಸರಿಗೆ ವಿಮಾನ ಅಷ್ಟೆ, ಮುಖ್ಯ ಭಾಗಗಳೇ ನಾಪತ್ತೆ. ಬೇರೆಯವರಾಗಿದ್ದರೆ ತೂಕಕ್ಕೆ ಹಾಕುತ್ತಿದ್ದರು. ಇವನು ಅಲ್ಲಿ ಇಲ್ಲಿ ಭಾಗ ಹುಡುಕಿ ತಂದು ಜೋಡಿಸಿದ. ಅದೇ ‘ರೇರ್ ಬೇರ್’. ಮೂಲ ಎಂಜಿನ್ ಬದಲು ಅದಕ್ಕಿಂತ ದೊಡ್ಡದಾದ ರೈಟ್ ಆರ್-3350 ಕೂರಿಸಿದ. ಅದೇ ಸೆಪ್ಟೆಂಬರ್‌ಗೆ ರೀನೋದಲ್ಲಿ ಓಡಿಸಿ ಐದನೆಯವನಾಗಿ ಬಂದ.

1973, 1975ರಲ್ಲಿ ಗೆದ್ದ. ಆಮೇಲೆ 13 ವರ್ಷ ರೀನೋ ಗೆಲುವಿಲ್ಲ. ನಂತರ 1988ರಿಂದ 1991ರವರೆಗೆ ಸಾಲಾಗಿ ನಾಲ್ಕು ಸಲ ಗೆದ್ದ. ನಡುವೆ 1989ರ ಆಗಸ್ಟ್ 21ರಂದು 3 ಕಿ.ಮೀ. ಹಾರಾಟದಲ್ಲಿ ಗಂಟೆಗೆ 850.26 ಕಿ.ಮೀ. ವೇಗದ ವಿಶ್ವದಾಖಲೆ. ಪಿಸ್ಟನ್ ಎಂಜಿನ್, ಮುಂದೆ ಒಂದು ಪ್ರೊಪೆಲರ್, ಅಷ್ಟರಲ್ಲಿ!

ನನಗೆ ಅವನು ಹೀರೋ. ಆದರೆ ಇಲ್ಲಿ ಕೆಲವರು ‘ಹಳೇ ಯುದ್ಧವಿಮಾನ ಕತ್ತರಿಸಿ ರೇಸಿಗೆ ಬಿಡುವುದು ಅನ್ಯಾಯ’ ಅನ್ನುವವರಿದ್ದೀರಿ. ನಿಮ್ಮ ಮಾತನ್ನೂ ಹೇಳಿ. ಜಗಳ ಆದರೆ ಆಗಲಿ.

ಗಗನ್_ತುಮಕೂರು

77. ಬಿಳಿ ಮೈ ಮೇಲೆ ಆ ನಂಬರ್ ನೋಡಿದರೆ ಸಾಕು ರೋಮಾಂಚನ. ನಮಸ್ಕಾರ ಲೈಲ್ ಸಾರ್ 🙏

ಮ್ಯೂಸಿಯಂ ಮೋಹನ

ಪ್ರಸಾದ್, ಕರೆದಿದ್ದೀರಿ, ಬಂದೆ.

ಬೇರ್‌ಕ್ಯಾಟ್ ಸಾಮಾನ್ಯ ವಿಮಾನ ಅಲ್ಲ. ಗ್ರಮ್ಮನ್ ಕಂಪನಿಯ ಕೊನೆಯ ಪಿಸ್ಟನ್ ಫೈಟರ್. 1944ರಲ್ಲಿ ಮೊದಲು ಹಾರಿತು, ಸ್ಕ್ವಾಡ್ರನ್‌ಗಳಿಗೆ ಸೇರುವ ಹೊತ್ತಿಗೆ ಮಹಾಯುದ್ಧವೇ ಮುಗಿಯಿತು. ಆಮೇಲೆ ಅಮೆರಿಕದ ನೌಕಾಪಡೆಯ ಪ್ರದರ್ಶನ ತಂಡ ಬ್ಲೂ ಏಂಜಲ್ಸ್ ಹಾರಿಸಿತು, ಇಂಡೋಚೈನಾದಲ್ಲಿ ಫ್ರೆಂಚರು ಹಾರಿಸಿದರು. ಸಾವಿರದ ಇನ್ನೂರಕ್ಕೂ ಜಾಸ್ತಿ ತಯಾರಾದವು, ಇವತ್ತು ಉಳಿದಿರುವುದು ಬೆರಳೆಣಿಕೆಯಷ್ಟು.

ಅಂಥದ್ದನ್ನು ತಂದು ಶೆಲ್ಟನ್ ಮಾಡಿದ್ದೇನು? ರೆಕ್ಕೆಯ ತುದಿ ಕತ್ತರಿಸಿದ. ಮಡಚುವ ರೆಕ್ಕೆಯ ಏರ್ಪಾಡು ತೆಗೆದ. ಪೈಲಟ್ ಸುತ್ತ ನೋಡಲಿ ಅಂತ ಕೊಟ್ಟಿದ್ದ ದೊಡ್ಡ ಗಾಜಿನ ಗುಮ್ಮಟ ಕಿತ್ತು, ತಲೆ ಹಿಡಿಸುವಷ್ಟು ಪುಟ್ಟದೊಂದು ಕೂರಿಸಿದ. ಎಂಜಿನ್ ಬೇರೆ. ಪ್ರೊಪೆಲರ್ ಬೇರೆ. ಹೇಳಿ, ಬೇರ್‌ಕ್ಯಾಟ್ ಎಲ್ಲಿ ಉಳಿಯಿತು? ಒಳ್ಳೆ ಪೈಲಟ್, ಒಪ್ಪಿಕೊಂಡೆ. ಇತಿಹಾಸ ಉಳಿಸಿದವನು ಅಂತ ಮಾತ್ರ ಹಾರ ಹಾಕಬೇಡಿ.

ಪಿಸ್ಟನ್ ಪ್ರಸಾದ

ಮೋಹನ್ ಸಾರ್, ಅವನು ಮುಟ್ಟದೇ ಇದ್ದಿದ್ದರೆ ಇವತ್ತು ಏನು ಉಳಿಯುತ್ತಿತ್ತು? ನೀವು ಹೇಳುವ ಇತಿಹಾಸ ಆಗ ಹುಲ್ಲಿನ ಮಧ್ಯೆ ಬಿದ್ದಿತ್ತು. ಯಾವ ಮ್ಯೂಸಿಯಮ್ಮೂ ಹುಡುಕಿಕೊಂಡು ಹೋಗಿರಲಿಲ್ಲ.

ಕೋಟೇಶ್ವರದ ಮಾಣಿ

ಮಾರಾಯ್ರೆ, ನನಗೆ ಈ ರೀನೋ ರೇಸ್ ಅಂದ್ರೆ ಏನಂತಲೇ ಗೊತ್ತಿಲ್ಲ. ನಮ್ಮಲ್ಲಿ ಕಂಬಳ ಉಂಟು, ಅದು ಗೊತ್ತು. ವಿಮಾನ ಆಕಾಶದಲ್ಲಿ ಹೇಗೆ ರೇಸ್ ಓಡುವುದು? ಗೆರೆ ಎಳೆದಿರ್ತಾರಾ?

ಸುಮಾ_ಸ್ಯಾಕ್ರಮೆಂಟೊ

ಮಾಣಿ, ನಾನು ಹೇಳ್ತೀನಿ. ನಾವಿರುವ ಊರಿನಿಂದ ರೀನೋ ಕಾರಿನಲ್ಲಿ ಎರಡು ಎರಡೂವರೆ ಗಂಟೆ. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮವರು ‘ಒಂದು ತಮಾಷೆ ತೋರಿಸ್ತೀನಿ’ ಅಂತ ಕರೆದುಕೊಂಡು ಹೋಗಿದ್ದರು. 2007ರ ರೇಸ್.

ಮರುಭೂಮಿಯಂಥ ಬಯಲು. ದೂರ ದೂರಕ್ಕೆ ಎತ್ತರದ ಕಂಬ ನೆಟ್ಟು ತುದಿಗೆ ಡ್ರಮ್ ಕೂರಿಸಿರುತ್ತಾರೆ. ಪೈಲಾನ್ ಅಂತಾರೆ. ವಿಮಾನಗಳು ಆ ಕಂಬಗಳ ಹೊರಗಿನಿಂದಲೇ ಸುತ್ತು ಹಾಕಬೇಕು, ಯಾವಾಗಲೂ ಎಡಕ್ಕೇ ತಿರುಗುವುದು. ಒಳಗಿನಿಂದ ಹಾದರೆ ದಂಡ. ಕಂಬದ ಬುಡದಲ್ಲೇ ತೀರ್ಪುಗಾರರು ಕತ್ತೆತ್ತಿ ನಿಂತಿರುತ್ತಾರೆ. ಎತ್ತರ ಎಷ್ಟು ಅಂದ್ರೆ ಐವತ್ತು ಅಡಿ, ನೂರು ಅಡಿ. ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯವರು ಕೈ ಬೀಸಿದರೆ ಪೈಲಟ್‌ಗೆ ಕಾಣಿಸಬೇಕು, ಅಷ್ಟು ಕೆಳಗೆ. ಗೋಲ್ಡ್ ಫೈನಲ್‌ನಲ್ಲಿ, ಅಂದ್ರೆ ಅತಿ ವೇಗದ ವಿಮಾನಗಳ ಕೊನೆಯ ರೇಸಿನಲ್ಲಿ, ಎಂಟು ಸುತ್ತು, ಒಂದೊಂದು ಸುತ್ತು ಸುಮಾರು 8 ಮೈಲಿ. ಹತ್ತು ನಿಮಿಷದೊಳಗೆ ಎಲ್ಲಾ ಮುಗಿದು ಹೋಗುತ್ತೆ.

ಅವತ್ತು ರೇರ್ ಬೇರ್ ಹಾರಿಸಿದ್ದು ಜಾನ್ ಪೆನ್ನಿ, ಗೆದ್ದಿದ್ದೂ ಅವರೇ. ಆ ಹೊತ್ತಿಗೆ ಶೆಲ್ಟನ್ ವಿಮಾನ ಮಾರಿಯಾಗಿತ್ತು. ಆದರೂ ಜನ ಮಾತಾಡುತ್ತಿದ್ದುದು ‘ಲೈಲ್‌ನ ವಿಮಾನ’ ಅಂತಲೇ. ವಿಮಾನ ನಿಲ್ಲಿಸಿ ಸಜ್ಜು ಮಾಡುವ ಜಾಗಕ್ಕೆ (ಪಿಟ್) ಹೋಗುವ ಪಾಸ್ ದುಡ್ಡು ಕೊಟ್ಟರೆ ಯಾರಿಗೂ ಸಿಗುತ್ತಿತ್ತು. ಹತ್ತಿರ ಹೋಗಿ ನೋಡಿದೆ. ಎಂಜಿನ್ ಕೆಳಗೆ ಎಣ್ಣೆ ತೊಟ್ಟಿಕ್ಕುವುದಕ್ಕೆ ತಟ್ಟೆಗಳು ಇಟ್ಟಿದ್ದರು, ಹೊಟ್ಟೆ ಉದ್ದಕ್ಕೂ ಕರಿ ಗೆರೆ. ಒಬ್ಬ ತಾತ ಬಟ್ಟೆ ಹಿಡಿದು ಒರೆಸುತ್ತಲೇ ಇದ್ದರು. ಒರೆಸಿದ ಜಾಗದಲ್ಲೇ ಮತ್ತೆ ಒಂದು ಹನಿ. ತಂಡದಲ್ಲಿ ಬಹಳ ಜನ ರಜೆ ಹಾಕಿ ಬರುವ ಸ್ವಯಂಸೇವಕರು ಅಂತ ಆಮೇಲೆ ಗೊತ್ತಾಯಿತು.

ಸದ್ದಿನ ಬಗ್ಗೆ ಕೇಳಿದ್ದಿರಲ್ಲ ಪ್ರಸಾದ್. ಮಸ್ಟಾಂಗ್ ಅನ್ನುವ ಹಳೇ ಯುದ್ಧವಿಮಾನಗಳು ಬಂದರೆ ಸೀಟಿಯ ಥರ ಏರುಸ್ವರ. ಕರಡಿ ಬಂದರೆ ಸದ್ದು ಕಿವಿಗಿಂತ ಮೊದಲು ಎದೆಗೆ ಬಡಿಯುತ್ತೆ. ನಮ್ಮ ಅತ್ತೆ ಜೊತೆಗಿದ್ದರು, ಮೊದಲ ಸುತ್ತಿಗೇ ‘ಇದು ಗೆಲ್ಲುತ್ತೆ ಬಿಡು’ ಅಂದರು. ಗೆದ್ದಿತು 😀

ಕೋಟೇಶ್ವರದ ಮಾಣಿ

ಅತ್ತೆಗೆ ಜೈ. ಕಂಬಳದ ಕೋಣ ನೋಡಿದ ಕಣ್ಣೇ ಇರಬೇಕು ಅದು.

ಹಳೇ ಬೋಲ್ಟು

ವಿಷಯ ಎಂಜಿನ್ ಕಡೆ ಬಂತು, ಹಾಗಾಗಿ ಬರೆಯುತ್ತಿದ್ದೇನೆ. ಆರ್-3350 ನಮಗೆ ಅಪರಿಚಿತ ಅಲ್ಲ. ನಮ್ಮ ತಂದೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಇದ್ದರು. ಭಾರತೀಯ ವಾಯುಪಡೆ 1954ರಿಂದ ಹಾರಿಸಿದ ಫೇರ್‌ಚೈಲ್ಡ್ ಪ್ಯಾಕೆಟ್ ಸಾಗಣೆ ವಿಮಾನಕ್ಕೆ ಇದೇ ಕುಟುಂಬದ ಎರಡು ಎಂಜಿನ್. ಲಡಾಖ್‌ನಂಥ ಎತ್ತರದ ಜಾಗಕ್ಕೆ ಸಾಮಾನು ಹೊತ್ತು ಹೋಗಬೇಕಲ್ಲ, ಅಲ್ಲಿನ ತೆಳು ಗಾಳಿಯಲ್ಲಿ ಎರಡು ಎಂಜಿನ್ ಸಾಲಲಿಲ್ಲ. ಆಗ ವಿಮಾನದ ಬೆನ್ನ ಮೇಲೆ ಜೆಟ್ ಎಂಜಿನ್ ಒಂದನ್ನು ಕೂರಿಸಿದರು. ಎಚ್‌ಎಎಲ್ ಬೆಂಗಳೂರಿನಲ್ಲೇ ತಯಾರಿಸುತ್ತಿದ್ದ ಆರ್ಫಿಯಸ್. ನ್ಯಾಟ್ ಫೈಟರ್‌ಗೆ ಹಾಕುತ್ತಿದ್ದ ಅದೇ ಎಂಜಿನ್. ಕೆಳಗೆ ಎರಡು ಪ್ರೊಪೆಲರ್, ಮೇಲೆ ಒಂದು ಜೆಟ್. ಶೆಲ್ಟನ್ ಇದನ್ನು ನೋಡಿದ್ದರೆ ಅಪ್ಪಿಕೊಳ್ಳುತ್ತಿದ್ದರು.

ತಂದೆ ಹೇಳುತ್ತಿದ್ದ ಒಂದು ಸಂಗತಿ. ಸಿಲಿಂಡರ್‌ಗಳನ್ನು ಸುತ್ತಲೂ ಜೋಡಿಸಿದ ಇಂಥ ವೃತ್ತಾಕಾರದ ಎಂಜಿನ್ ನಿಂತಿದ್ದಾಗ ಎಣ್ಣೆ ಕೆಳಗಿನ ಸಿಲಿಂಡರ್‌ಗಳಿಗೆ ಇಳಿದು ಕೂರುತ್ತದೆ. ಹಾಗೇ ಸ್ಟಾರ್ಟ್ ಮಾಡಿದರೆ ಪಿಸ್ಟನ್ ಮೇಲೆ ಬಂದಾಗ ಎಣ್ಣೆ ಒತ್ತಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದಕ್ಕೇ ಮೊದಲು ಇಬ್ಬರು ಮೂವರು ಸೇರಿ ಪ್ರೊಪೆಲರ್ ಅಲಗು ಹಿಡಿದು ಕೈಯಿಂದ ತಿರುಗಿಸಬೇಕು. ಗಟ್ಟಿಯಾಗಿ ಹಿಡಿದುಕೊಂಡರೆ ಅಲ್ಲಿಗೇ ನಿಲ್ಲಿಸಿ, ಕೆಳಗಿನ ಪ್ಲಗ್ ಬಿಚ್ಚಿ ಎಣ್ಣೆ ಬಸಿಯಬೇಕು. ಬಲ ಹಾಕಿ ದಾಟಿಸಿದವನಿಗೆ ಬೈಗುಳ ಗ್ಯಾರಂಟಿ. ತಂದೆಯ ಅಂಗೈಯಲ್ಲಿ ಆ ಅಲಗಿನ ಅಂಚಿನ ಗುರುತು ಕೊನೆಯವರೆಗೂ ಇತ್ತು.

ರಾಕೆಟ್ ರಾಘು

ಸೂಪರ್ ಸಾರ್. ಅಂದ್ಹಾಗೆ ರೇರ್ ಬೇರ್ ಎಂಜಿನ್ ಬಿ-29 ಬಾಂಬರ್‌ದು. ಹಿರೋಶಿಮಾ ಮೇಲೆ ಹೋದ ವಿಮಾನದ್ದೇ.

ಹಳೇ ಬೋಲ್ಟು

ಕುಟುಂಬ ಒಂದೇ ರಾಘು, ಎಂಜಿನ್ ಒಂದೇ ಅಲ್ಲ. ಬಿ-29ರಲ್ಲಿ ಇದ್ದದ್ದು ಯುದ್ಧಕಾಲದ ಆರ್-3350. ವಿಪರೀತ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳುವುದಕ್ಕೇ ಹೆಸರುವಾಸಿ. 1944ರಲ್ಲಿ ಆ ಬಾಂಬರ್‌ಗಳನ್ನು ತಂದು ಇಳಿಸಿದ್ದು ನಮ್ಮ ಖರಗ್‌ಪುರದ ಸುತ್ತಮುತ್ತ. ಬಂಗಾಳದ ಬಿಸಿಲು, ಮೊದಲೇ ಕಾಯುವ ಎಂಜಿನ್, ಮೇಲೆ ಹಿಮಾಲಯ ದಾಟಿ ಚೀನಾಕ್ಕೆ ಪೆಟ್ರೋಲ್ ಹೊರುವ ಕೆಲಸ. ಆ ಮೆಕ್ಯಾನಿಕ್‌ಗಳ ಪಾಡು ದೇವರಿಗೇ ಪ್ರೀತಿ.

ಯುದ್ಧದ ನಂತರ ಅದೇ ಎಂಜಿನ್ ತಿದ್ದಿ ತೀಡಿ ಸ್ಕೈರೇಡರ್, ಡಿಸಿ-7, ಸೂಪರ್ ಕಾನ್ಸ್‌ಟಲೇಶನ್ ಎಲ್ಲಕ್ಕೂ ಹಾಕಿದರು. ಶೆಲ್ಟನ್ ತಂಡ ಈ ನಂತರದ ಎಂಜಿನ್‌ಗಳ ಭಾಗಗಳನ್ನು ಬೆರೆಸಿ ತಮ್ಮದೇ ಒಂದು ಕಟ್ಟಿಕೊಂಡಿತು. 18 ಸಿಲಿಂಡರ್, ಸುಮಾರು 55 ಲೀಟರ್. ಬೇರ್‌ಕ್ಯಾಟ್‌ನ ಮೂಲ ಎಂಜಿನ್ 46 ಲೀಟರ್, ಶಕ್ತಿ 2,100 ಎಚ್‌ಪಿ ಆಸುಪಾಸು. ಇವರು ರೇಸಿನಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು ಹಿಂಡುತ್ತಿದ್ದರು. ಸಿಲಿಂಡರ್ ಒಳಗೆ ಸ್ಫೋಟ ಆಗದ ಹಾಗೆ ನೀರು, ಮೆಥನಾಲ್ ಬೆರೆಸಿ ಚಿಮ್ಮಿಸುತ್ತಿದ್ದರು. ಸಾಲದ್ದಕ್ಕೆ ನೈಟ್ರಸ್ ಆಕ್ಸೈಡ್.

ಆರ್‌ಎಕ್ಸ್100 ರವಿ

ನೈಟ್ರಸ್ ಹಾಕಿದ್ದಾ!! ನಾನು ಬೈಕಿಗೆ ಹಾಕ್ತೀನಿ ಅಂದಿದ್ದಕ್ಕೆ ಅಪ್ಪ ಮನೆಗೆ ಸೇರಿಸಲಿಲ್ಲ.

ವಿದ್ಯಾ_ಧಾರವಾಡ

ಅಲ್ರೀ, ಎಲ್ಲಾರೂ ಎಂಜಿನ್ ಎಂಜಿನ್ ಅಂತೀರಿ. ಆ ಮನುಷ್ಯನ ಬಗ್ಗೆ ಯಾರೂ ಹೇಳ್ತಾ ಇಲ್ಲ. ನನಗೆ ಹಿಡಿಸಿದ್ದು ಆ 13 ವರ್ಷ. 1975ರಲ್ಲಿ ಗೆದ್ದವರು ಮತ್ತೆ ಗೆದ್ದದ್ದು 1988ರಲ್ಲಿ. ಆ ನಡುವೆ ಎಂಥೆಂಥವರು ಗೆದ್ದು ಹೋದರು ನೋಡ್ರಿ. 1976ರಲ್ಲಿ ಲೆಫ್ಟಿ ಗಾರ್ಡ್ನರ್, 1977ರಲ್ಲಿ ಡ್ಯಾರಿಲ್ ಗ್ರೀನಮಾಯರ್, 1978ರಲ್ಲಿ ಸ್ಟೀವ್ ಹಿಂಟನ್. ಜೆಟ್ ಕಾಲದಲ್ಲಿ ಒಂದು ಹಳೇ ಪಿಸ್ಟನ್ ವಿಮಾನ ಇಟ್ಟುಕೊಂಡು, ಸೋತು, ಎಂಜಿನ್ ಸುಟ್ಟುಕೊಂಡು, ಮತ್ತೆ ಅದೇ ವಿಮಾನ ತಂದು ನಿಲ್ಲಿಸುವುದು ಸಣ್ಣ ಹಟ ಅಲ್ಲ. ಅವರೇನು ಕೋಟ್ಯಧೀಶರಲ್ಲ, ಏರ್‌ಲೈನ್ ಪೈಲಟ್. ಜನ ಅವರನ್ನು ಇಷ್ಟಪಟ್ಟಿದ್ದು ಇದಕ್ಕೇ ಅಂತ ನನ್ನ ಅನಿಸಿಕೆ.

ಮ್ಯೂಸಿಯಂ ಮೋಹನ

ವಿದ್ಯಾ ಮೇಡಂ, ಹಟ ಒಪ್ಪಿದೆ. ಗ್ರೀನಮಾಯರ್ ಹೆಸರು ತೆಗೆದಿರಿ, ಅಲ್ಲೇ ನನ್ನ ವಾದವೂ ಇದೆ. ಅವರದ್ದೂ ಬೇರ್‌ಕ್ಯಾಟ್, ‘ಕಾಂಕ್ವೆಸ್ಟ್ 1’. 1965ರಿಂದ 1969ರವರೆಗೆ ಸಾಲಾಗಿ ಐದು ಸಲ ರೀನೋ ಗೆದ್ದರು, 1971ರಲ್ಲಿ ಮತ್ತೊಮ್ಮೆ. 1969ರ ಆಗಸ್ಟ್‌ನಲ್ಲಿ ಗಂಟೆಗೆ 777 ಕಿ.ಮೀ. ಹಾರಿ, ಜರ್ಮನಿಯ ಫ್ರಿಟ್ಜ್ ವೆಂಡೆಲ್ 1939ರಲ್ಲಿ ಮೆಸರ್ಶ್ಮಿಟ್ 209ರಲ್ಲಿ ಮಾಡಿದ್ದ 755 ಕಿ.ಮೀ. ದಾಖಲೆ ಮುರಿದರು. 30 ವರ್ಷ ನಿಂತಿದ್ದ ದಾಖಲೆ! ಈಗ ಆ ವಿಮಾನ ವಾಷಿಂಗ್ಟನ್ ಹತ್ತಿರದ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿ ಭದ್ರವಾಗಿದೆ. ಓಡಿಸಿದರು, ಗೆದ್ದರು, ಜೋಪಾನವಾಗಿ ಒಪ್ಪಿಸಿದರು. ಹಾಗೆ ಮಾಡಬೇಕು.

ಪಿಸ್ಟನ್ ಪ್ರಸಾದ

ಸಾರ್, ಅದಕ್ಕೂ ರೆಕ್ಕೆ ಕತ್ತರಿಸಿಯೇ ಇದೆ! ಅದಕ್ಕೂ ಪುಟ್ಟ ಗುಮ್ಮಟವೇ. ಮ್ಯೂಸಿಯಂಗೆ ಸೇರಿದ ಕೂಡಲೇ ಅದು ಇತಿಹಾಸ, ಹ್ಯಾಂಗರ್‌ನಲ್ಲಿದ್ದರೆ ಅನ್ಯಾಯವಾ?

ರಾಕೆಟ್ ರಾಘು

🔥🔥 ಪ್ರಸಾದಣ್ಣ ಸಿಕ್ಸರ್

ಮ್ಯೂಸಿಯಂ ಮೋಹನ

ಸ್ವಲ್ಪ ತಾಳಿ. ಮ್ಯೂಸಿಯಂನಲ್ಲಿ ಇಟ್ಟಿದ್ದು ಮತ್ತೆ ನೆಲಕ್ಕೆ ಬಡಿಯುವುದಿಲ್ಲ, ಅದು ನನ್ನ ಮಾತು. 2011 ನೆನಪಿದೆಯಾ? ‘ಗ್ಯಾಲಪಿಂಗ್ ಘೋಸ್ಟ್’ ಮಸ್ಟಾಂಗ್, ಜಿಮ್ಮಿ ಲೀವರ್ಡ್. ರೀನೋದಲ್ಲಿ ರೇಸ್ ನಡೆಯುವಾಗಲೇ ಪ್ರೇಕ್ಷಕರ ಅಂಗಳದ ಅಂಚಿಗೆ ಬಿತ್ತು. ಪೈಲಟ್ ಸೇರಿ 11 ಜನ ಸತ್ತರು. ಬಾಲದ ಎಡಗಡೆಯ ಟ್ರಿಮ್ ಟ್ಯಾಬ್ (ವಿಮಾನದ ಸಮತೋಲ ಹೊಂದಿಸುವ ಪುಟ್ಟ ಹಲಗೆ) ಸಡಿಲವಾಗಿ ಕಿತ್ತುಹೋಗಿತ್ತು. ಹಳೇ ಲಾಕ್‌ನಟ್‌ಗಳನ್ನೇ ಮತ್ತೆ ಬಳಸಿದ್ದರು ಅಂತ ತನಿಖೆಯಲ್ಲಿ ಬಂತು. ವಿಮಾನ ಒಮ್ಮೆಗೇ ಮೇಲಕ್ಕೆ ಚಿಮ್ಮಿದಾಗ 17 ಜಿ, ಅಂದರೆ ಮೈತೂಕದ ಹದಿನೇಳರಷ್ಟು ಭಾರ. ಆ ಭಾರಕ್ಕೆ ಯಾವ ಮನುಷ್ಯನೂ ಎಚ್ಚರವಾಗಿರಲು ಸಾಧ್ಯವಿಲ್ಲ. ಒಂದು ನಟ್‌ನ ಬೆಲೆಗೆ ಹನ್ನೊಂದು ಜೀವ.

ಸುಮಾ_ಸ್ಯಾಕ್ರಮೆಂಟೊ

ಅವತ್ತು ನಾವು ಹೋಗಿರಲಿಲ್ಲ. ಪರಿಚಯದ ಒಂದು ಕುಟುಂಬ ಹೋಗಿತ್ತು, ಅವರು ಕೂತಿದ್ದ ಕಡೆ ಏನೂ ಆಗಲಿಲ್ಲ, ಆದರೂ ಮತ್ತೆ ಯಾವ ಏರ್ ಶೋಗೂ ಹೋಗಿಲ್ಲ. ಮೋಹನ್ ಸಾರ್ ಹೇಳುವುದನ್ನು ಸುಮ್ನೆ ತಳ್ಳಿಹಾಕೋಕೆ ಆಗಲ್ಲ. 2023ರಲ್ಲಿ ರೀನೋದ ಕೊನೆಯ ದಿನವೂ ಎರಡು ಟಿ-6 ತರಬೇತಿ ವಿಮಾನ ಇಳಿಯುವಾಗ ಡಿಕ್ಕಿ ಹೊಡೆದು ಇಬ್ಬರು ಪೈಲಟ್‌ಗಳು ಹೋದರು.

ಹಳೇ ಬೋಲ್ಟು

ನಟ್ ವಿಷಯಕ್ಕೆ ಒಂದೇ ಮಾತು. ಒಳಗೆ ನೈಲಾನ್ ಬಳೆ ಇರುವ ಲಾಕ್‌ನಟ್ ಬಿಚ್ಚಿ ಹಾಕಿದಷ್ಟೂ ಹಿಡಿತ ಕಳೆದುಕೊಳ್ಳುತ್ತದೆ. ಕೈ ಬೆರಳಲ್ಲೇ ಪೂರ್ತಿ ತಿರುಗಿದರೆ ಅದನ್ನು ಎಸೆಯಬೇಕು. ಇದು ಸ್ಕೂಟರ್ ಗ್ಯಾರೇಜಿನ ಹುಡುಗನಿಗೂ ಗೊತ್ತಿರಬೇಕಾದ ಪಾಠ.

ಶೆಲ್ಟನ್ ಅವರನ್ನು ನಾನು ಮೆಚ್ಚುವುದು ಇಲ್ಲೇ. 4,000 ಎಚ್‌ಪಿ ಹತ್ತಿರ ಹೋಗುವ ಎಂಜಿನ್ ಹಿಂದೆ ಕೂತು, ಐವತ್ತು ಅಡಿ ಎತ್ತರದಲ್ಲಿ ವರ್ಷಗಟ್ಟಲೆ ರೇಸ್ ಓಡಿ, ಆ ವಿಮಾನದಲ್ಲಿ ಸಾಯದೆ ಮನೆಗೆ ಬಂದರು. ಎಂಜಿನ್ ಕೈಕೊಟ್ಟಾಗ ‘ಮೇಡೇ’ ಅಂತ ಕೂಗಿ, ವೇಗವನ್ನೆಲ್ಲ ಎತ್ತರಕ್ಕೆ ತಿರುಗಿಸಿಕೊಂಡು, ಮೇಲಿನಿಂದ ನಿಧಾನಕ್ಕೆ ಸುತ್ತಿ ಇಳಿಯುವುದು ಅಲ್ಲಿಯ ಪದ್ಧತಿ. ಗೆಲ್ಲುವ ಆಸೆಯಲ್ಲಿ ಇನ್ನೊಂದು ಸುತ್ತು ನೋಡೋಣ ಅಂದವರು ಎಷ್ಟೋ ಜನ ಉಳಿದಿಲ್ಲ.

ದಾಖಲೆ ದತ್ತ

ಯಾರೂ ಹೇಳದೆ ಬಿಟ್ಟ ವಿಷಯ: ಶೆಲ್ಟನ್ ದಾಖಲೆ ಮುರಿದಿದೆ. 2017ರ ಸೆಪ್ಟೆಂಬರ್, ಐಡಹೊ, ‘ವೂಡೂ’ ಮಸ್ಟಾಂಗ್, ಪೈಲಟ್ ಸ್ಟೀವ್ ಹಿಂಟನ್ ಜೂನಿಯರ್. ಗಂಟೆಗೆ 531.53 ಮೈಲಿ. ಶೆಲ್ಟನ್‌ದು 528.33.

ಪಿಸ್ಟನ್ ಪ್ರಸಾದ

ದತ್ತ, ವ್ಯತ್ಯಾಸ ಶೇಕಡಾ ಒಂದೂ ಇಲ್ಲ. ಅದೂ ತೂಕದ ಪ್ರಕಾರ ಮಾಡಿದ ಹೊಸ ವರ್ಗದಲ್ಲಿ ದಾಖಲಾಗಿದ್ದು. ಹಳೇ ವರ್ಗ ಮುಚ್ಚಿಬಿಟ್ಟಿದ್ದರು. ಆ ವರ್ಗದಲ್ಲಿ ಕೊನೆಯ ಹೆಸರು ಶೆಲ್ಟನ್‌ದೇ.

ದಾಖಲೆ ದತ್ತ

ಅದು ಅಭಿಮಾನಿಗಳ ಲೆಕ್ಕ. ವೇಗ ವೇಗವೇ. ಗಡಿಯಾರಕ್ಕೆ ವರ್ಗ ಗೊತ್ತಿರಲ್ಲ.

ಪಿಸ್ಟನ್ ಪ್ರಸಾದ

ಹಾಗಿದ್ದರೆ 28 ವರ್ಷ ಯಾಕೆ ಬೇಕಾಯಿತು? 3 ಕಿ.ಮೀ. ದಾಖಲೆ ಹೇಗೆ ಮಾಡುತ್ತಾರೆ ಗೊತ್ತಲ್ವಾ. ನೆಲಕ್ಕೆ ಅಂಟಿದ ಹಾಗೆ ಹಾರಬೇಕು, ನಾಲ್ಕು ಸಲ, ಎರಡು ಆ ಕಡೆಯಿಂದ, ಎರಡು ಈ ಕಡೆಯಿಂದ, ಆಮೇಲೆ ಸರಾಸರಿ. ಹಿಂದಿನಿಂದ ಗಾಳಿ ತಳ್ಳಿದ್ದು ಲೆಕ್ಕಕ್ಕೆ ಬರುವುದಿಲ್ಲ. ಶೆಲ್ಟನ್ 1979ರ ದಾಖಲೆಯನ್ನು ಮುರಿದಾಗ ಅಂತರ 29 ಮೈಲಿ. ಅದು ಯಾರದ್ದು? ಹಿಂಟನ್ ಸೀನಿಯರ್‌ದು! ಮಗ ಬಂದು ಅಪ್ಪನ ಸೇಡು ತೀರಿಸಿಕೊಂಡ, ಅಷ್ಟೆ 😄

ಇನ್ನೊಂದು, 1972ರ ಫೆಬ್ರವರಿಯಲ್ಲಿ ಇದೇ ವಿಮಾನ ನಿಂತಲ್ಲಿಂದ 3,000 ಮೀಟರ್ ಎತ್ತರಕ್ಕೆ 91.9 ಸೆಕೆಂಡ್‌ನಲ್ಲಿ ಏರಿತು. ಅದನ್ನೂ ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ.

ಗಗನ್_ತುಮಕೂರು

91 ಸೆಕೆಂಡ್!! ಸಿಲ್ಕ್ ಬೋರ್ಡ್ ಸಿಗ್ನಲ್ ಹಸಿರಾಗೋದ್ರೊಳಗೆ ನಂದಿ ಬೆಟ್ಟದ ಎರಡರಷ್ಟು ಎತ್ತರ.

ರಾಕೆಟ್ ರಾಘು

ಏರೋ ಇಂಡಿಯಾ ಟೈಮಲ್ಲಿ ಯಲಹಂಕ ರೋಡಲ್ಲಿ ನಿಂತರೆ ಅಷ್ಟರಲ್ಲಿ ಕಾರು ಒಂದು ಅಡಿ ಹೋಗಲ್ಲ. ಹೋದ ಸಲ ನಾನು ಶೋ ನೋಡಿದ್ದು ಫ್ಲೈಓವರ್ ಮೇಲಿಂದಲೇ.

ಆರ್‌ಎಕ್ಸ್100 ರವಿ

ಫ್ಲೈಓವರ್ ಮೇಲೆ ಗಾಡಿ ನಿಲ್ಲಿಸಿ ಜಾಮ್ ಮಾಡಿದ್ದು ನೀನೇನಾ ಗುರು!

ನಿರ್ವಾಹಕ

ಟ್ರಾಫಿಕ್‌ಗೆ ಬೇರೆ ಚರ್ಚೆ ಇದೆ. ಇಲ್ಲಿ ಶೆಲ್ಟನ್.

ಕಡಲೆಕಾಯಿ ಕಿಟ್ಟಿ

ರೀನೋ ಅಂದಮೇಲೆ ಬಾಬ್ ಹೂವರ್ ಹೆಸರು ಬರಲೇಬೇಕಲ್ಲ. ಶೆಲ್ಟನ್ ರೇಸ್ ಓಡುತ್ತಿದ್ದ ಕಾಲದಲ್ಲಿ ಹಳದಿ ಮಸ್ಟಾಂಗ್‌ನಲ್ಲಿ ಎಲ್ಲರನ್ನೂ ಸಾಲಾಗಿ ಕರೆತಂದು, ‘ಜಂಟಲ್‌ಮೆನ್, ಯು ಹ್ಯಾವ್ ಎ ರೇಸ್’ ಅಂತ ರೇಡಿಯೋದಲ್ಲಿ ಹೇಳಿ ತಾನು ಮೇಲಕ್ಕೆ ಎದ್ದು ಹೋಗುತ್ತಿದ್ದರು. ಯಾರಿಗಾದರೂ ಎಂಜಿನ್ ಕೈಕೊಟ್ಟರೆ ಪಕ್ಕಕ್ಕೆ ಬಂದು ಧೈರ್ಯ ಹೇಳಿ ಇಳಿಸಿಕೊಳ್ಳುತ್ತಿದ್ದರು.

ಅವರ ಒಂದು ಕಥೆ ಹೇಳದೆ ಇರೋಕೆ ಆಗಲ್ಲ. ಒಂದು ಸಲ ಅವರ ಪಿಸ್ಟನ್ ಎಂಜಿನ್ ವಿಮಾನಕ್ಕೆ ಯಾರೋ ಹುಡುಗ ಪೆಟ್ರೋಲ್ ಬದಲು ಜೆಟ್ ಇಂಧನ ತುಂಬಿಬಿಟ್ಟ. ಮೇಲೆದ್ದ ಸ್ವಲ್ಪ ಹೊತ್ತಿಗೇ ಎರಡೂ ಎಂಜಿನ್ ಬಂದ್. ಹೇಗೋ ಕಣಿವೆಯಲ್ಲಿ ಇಳಿಸಿ ಮೂವರೂ ಬದುಕಿಕೊಂಡರು. ವಾಪಸ್ ಬಂದು ಆ ಹುಡುಗನನ್ನು ಬೈಯಲಿಲ್ಲ. ‘ಇನ್ನು ನೀನು ಈ ತಪ್ಪು ಮಾಡಲ್ಲ, ನಾಳೆ ನನ್ನ ಮಸ್ಟಾಂಗ್‌ಗೆ ನೀನೇ ತುಂಬಬೇಕು’ ಅಂದರಂತೆ. ಆಮೇಲೆ ಜೆಟ್ ಇಂಧನದ ನಳಿಕೆಯ ಬಾಯಿಯನ್ನೇ ಅಗಲ ಮಾಡಿದರು, ಪಿಸ್ಟನ್ ವಿಮಾನದ ಟ್ಯಾಂಕಿಗೆ ಹೋಗಬಾರದು ಅಂತ. ಅದಕ್ಕೆ ಹೂವರ್ ನಾಜಲ್ ಅಂತಲೇ ಹೆಸರು.

ಆರ್‌ಎಕ್ಸ್100 ರವಿ

ನಮ್ಮೂರ ಬಂಕಿನಲ್ಲಿ ನನ್ನ ಬೈಕಿಗೆ ಡೀಸೆಲ್ ಹಾಕಿದ್ದರು. ನಾನು ಅಷ್ಟು ದೊಡ್ಡ ಮನುಷ್ಯನ ಥರ ನಡೆದುಕೊಳ್ಳಲಿಲ್ಲ, ಅಷ್ಟು ಮಾತ್ರ ಹೇಳ್ತೀನಿ.

ವಿದ್ಯಾ_ಧಾರವಾಡ

😂 ನಿಮ್ಮ ಹೆಸರಲ್ಲಿ ನಾಜಲ್ ಬರಲ್ಲ ಬಿಡ್ರಿ ರವಿ.

ಮ್ಯೂಸಿಯಂ ಮೋಹನ

ಮತ್ತೆ ವಿಷಯಕ್ಕೆ ಬರುತ್ತೇನೆ. ಪ್ರಸಾದ್, ‘ಯಾವ ಮ್ಯೂಸಿಯಂ ಹುಡುಕಿಕೊಂಡು ಹೋಗಿತ್ತು’ ಅಂದಿರಿ. ಅದು ನಾಟುವ ಮಾತು, ಯಾಕಂದ್ರೆ ನಮ್ಮ ದೇಶದಲ್ಲೇ ಹಾಗೆ ಆಗಿದೆ. ಯುದ್ಧ ಮುಗಿದಾಗ ಕಾನ್ಪುರದಲ್ಲಿ ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಬೇಕಂತಲೇ ಹಾಳುಗೆಡವಿ ಬಿಟ್ಟುಹೋಗಿದ್ದರು. 1948ರಲ್ಲಿ ಎಚ್‌ಎಎಲ್‌ನವರು ಹೋಗಿ, ಅಲ್ಲೇ ಹಾರುವಷ್ಟು ರಿಪೇರಿ ಮಾಡಿ, ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದು, ಪೂರ್ತಿ ಸರಿಮಾಡಿ ವಾಯುಪಡೆಗೆ ಕೊಟ್ಟರು. 1968ರವರೆಗೆ ಹಾರಿದವು. ಇವತ್ತು ಇಂಗ್ಲೆಂಡಿನ ಆರ್‌ಎಎಫ್ ಮ್ಯೂಸಿಯಂ, ಅಮೆರಿಕದ ಪೀಮಾ ಮ್ಯೂಸಿಯಂನಲ್ಲಿರುವ ಲಿಬರೇಟರ್‌ಗಳು ಇಲ್ಲಿಂದ ಹೋದವೇ. ಅಮೆರಿಕದಲ್ಲಿ ಕಾಲಿಂಗ್ಸ್ ಫೌಂಡೇಶನ್ ಮತ್ತೆ ಹಾರಿಸಿದ ಲಿಬರೇಟರ್ ಕೂಡ ನಮ್ಮ ವಾಯುಪಡೆಯದ್ದೇ.

ಪಿಸ್ಟನ್ ಪ್ರಸಾದ

ನೋಡಿ ಸಾರ್, ನೀವೇ ನನ್ನ ಕಡೆ ಬಂದಿರಿ! ಕಾನ್ಪುರದಲ್ಲಿ ಆ ಜನ ‘ಮೂಲ ಭಾಗ ಸಿಕ್ಕರೆ ಮಾತ್ರ ಮುಟ್ಟುತ್ತೇವೆ’ ಅಂದಿದ್ದರೆ ಒಂದೂ ಉಳಿಯುತ್ತಿರಲಿಲ್ಲ. ಇದರ ರೆಕ್ಕೆ ಅದಕ್ಕೆ, ಅದರ ಎಂಜಿನ್ ಇದಕ್ಕೆ. ವಾಲ್ಪರೈಸೊದಲ್ಲಿ ಶೆಲ್ಟನ್ ಮಾಡಿದ್ದೂ ಅದನ್ನೇ.

ಮ್ಯೂಸಿಯಂ ಮೋಹನ

ಅವರು ರೆಕ್ಕೆ ಕತ್ತರಿಸಲಿಲ್ಲವಲ್ಲ ಸ್ವಾಮಿ.

ಪಿಸ್ಟನ್ ಪ್ರಸಾದ

ಬಾಂಬರ್ ರೇಸ್ ಇದ್ದಿದ್ದರೆ ಅದನ್ನೂ ಕತ್ತರಿಸುತ್ತಿದ್ದರು.

ಹಳೇ ಬೋಲ್ಟು

ಎಚ್‌ಎಎಲ್ ಬಗ್ಗೆ ಹಾಗೆಲ್ಲ ಹೇಳಬೇಡಿ ಪ್ರಸಾದ್. ಬೇಕಿದ್ದರೆ ಮೇಲೊಂದು ಜೆಟ್ ಇಡುತ್ತಿದ್ದರು ಅಷ್ಟೆ.

ಕೋಟೇಶ್ವರದ ಮಾಣಿ

ಒಂದು ಡೌಟು. ಈ ಆರ್-3350 ಎಂಜಿನ್ ಈಗ ನಮ್ಮ ದೇಶದಲ್ಲಿ ಕಣ್ಣಾರೆ ನೋಡಲು ಎಲ್ಲಾದರೂ ಸಿಗುತ್ತದಾ? ಅಮೆರಿಕಕ್ಕೆ ಹೋಗುವಷ್ಟು ದುಡ್ಡು ನನ್ನ ಹತ್ತಿರ ಇಲ್ಲ ಮಾರಾಯ್ರೆ.

ಹಳೇ ಬೋಲ್ಟು

ನಿನಗೆ ಹತ್ತಿರವೇ ಇದೆ ಮಾಣಿ. ಗೋವಾದ ದಾಬೋಲಿಮ್‌ನಲ್ಲಿ ನೌಕಾಪಡೆಯ ವಿಮಾನ ಮ್ಯೂಸಿಯಂ. ಅಲ್ಲಿ ಒಂದು ಸೂಪರ್ ಕಾನ್ಸ್‌ಟಲೇಶನ್ ನಿಂತಿದೆ, ನಾಲ್ಕು ಆರ್-3350. ಮೊದಲು ಏರ್ ಇಂಡಿಯಾದಲ್ಲಿ ‘ರಾಣಿ ಆಫ್ ಎಲ್ಲೋರಾ’ ಅಂತ ಪ್ರಯಾಣಿಕರನ್ನು ಹೊತ್ತಿತು, ಆಮೇಲೆ ವಾಯುಪಡೆಗೆ ಹೋಯಿತು, 1976ರಲ್ಲಿ ನೌಕಾಪಡೆಗೆ ಬಂತು. ಮೂರು ಬಾಲದ ವಿಮಾನ, ದೂರದಿಂದಲೇ ಗುರುತು ಸಿಗುತ್ತದೆ.

ಕೋಟೇಶ್ವರದ ಮಾಣಿ

ಹೌದಾ! ಕುಂದಾಪುರದಿಂದ ಬೆಳಿಗ್ಗೆ ರೈಲು ಹಿಡಿದರೆ ಮಧ್ಯಾಹ್ನದ ಹೊತ್ತಿಗೆ ಗೋವಾ. ದಾರಿಯಲ್ಲಿ ಕಾರವಾರದಲ್ಲಿ ಇಳಿದರೆ ಕಡಲ ತೀರದಲ್ಲಿ ಟುಪೊಲೆವ್ 142 ಕೂಡ ಉಂಟು. ಯಾರು ಬರ್ತೀರಿ?

ರಾಕೆಟ್ ರಾಘು

ನಾನು ರೆಡಿ. ಯಶವಂತಪುರದಿಂದ ವಾಸ್ಕೋ ರೈಲು ಇದೆ, ರಾತ್ರಿ ಮಲಗಿದರೆ ಆಯ್ತು.

ವಿದ್ಯಾ_ಧಾರವಾಡ

ಆ ರೈಲು ಧಾರವಾಡದ ಮೇಲೇ ಹೋಗ್ತದ. ನಾನು ಇಲ್ಲೇ ಹತ್ತಿಕೋತೀನಿ, ಪೇಡಾ ನನ್ನ ಕಡೆಯಿಂದ. ಮೋಹನ್ ಸಾರ್ ಬರಲೇಬೇಕು, ಮ್ಯೂಸಿಯಂ ಅಂದಮೇಲೆ.

ಮ್ಯೂಸಿಯಂ ಮೋಹನ

ಬರುತ್ತೇನೆ. ಆದರೆ ಪ್ರಸಾದ್ ಪಕ್ಕದ ಬರ್ತ್ ಬೇಡ, ರಾತ್ರಿಯಿಡೀ ರೇರ್ ಬೇರ್ ಅಂತ ಕೊರೆಯುತ್ತಾರೆ.

ಪಿಸ್ಟನ್ ಪ್ರಸಾದ

ಟಿಕೆಟ್ ನಾನೇ ಬುಕ್ ಮಾಡ್ತೀನಿ ಸಾರ್. ನಿಮಗೆ ಸೈಡ್ ಅಪ್ಪರ್.